ಕಾಣದ ಲೋಕದ ಚಿತ್ರಗಳು

ಕಂಡದ್ದನ್ನು ಕಂಡಂತೆ ಬರೆಯುವುದು ಚಿತ್ರಕಾರನ ಮೊದಲನೆಯ ಪಾಠವೆಂದು ಹೇಳುವುದುಂಟು. ಮರವನ್ನು ಬರೆಯಬೇಕಾದವನು ಮರದ ಮುಂದೆ ಹೋಗಿ ಕುಳಿತುಕೊಳ್ಳಬಹುದು. ಮನುಷ್ಯನನ್ನು ಬರೆಯಬೇಕಾದವನು ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಳ್ಳಬಹುದು. ಆದರೆ ಗಂಧರ್ವನನ್ನೋ ಕಿನ್ನರಿಯನ್ನೋ ಬರೆಯಬೇಕಾದವನು ಯಾರನ್ನು ಎದುರಿಗೆ ಕೂರಿಸಿಕೊಳ್ಳಬೇಕು? ಯಾರ ಕಣ್ಣಿಗೂ ಬೀಳದ ಜೀವಿಯ ಮೈಬಣ್ಣ ಯಾವುದು, ಎತ್ತರವೆಷ್ಟು, ಉಡುಪು ಎಂಥದು? ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ಸಾವಿರಾರು ಮೈಲಿ ದೂರದ ಎರಡು ನಾಡುಗಳಲ್ಲಿ, ಒಬ್ಬರ ಕೆಲಸವನ್ನು ಇನ್ನೊಬ್ಬರು ಅರಿಯದೆ, ಹೆಚ್ಚುಕಡಮೆ ಅವೇ ವರ್ಷಗಳಲ್ಲಿ ಚಿತ್ರಕಾರರು ಈ ಪ್ರಶ್ನೆಗೆ ಉತ್ತರ ಹುಡುಕಿದರು. ಒಂದು, ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡು. ಇನ್ನೊಂದು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು. ಮೈಸೂರಿನವರು ಕೊಟ್ಟ ಉತ್ತರದ ಒಂದು ಭಾಗವು ನಮ್ಮ ನಂಜನಗೂಡಿನಲ್ಲಿಯೇ ನಿಂತಿದೆ. ಈ ಎರಡು ಉತ್ತರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ಮಾತು. ಆಂಗ್ಲರು ಫೇರಿ ಎಂದು ಕರೆಯುವ ಜೀವಿಗೆ ಕನ್ನಡದಲ್ಲಿ ಸರಿಹೊಂದುವ ಒಂದೇ ಪದವಿಲ್ಲ. ಮಕ್ಕಳ ಕಥೆಗಳಲ್ಲಿ ಕಿನ್ನರಿ ಎಂದೂ ಯಕ್ಷಿಣಿ ಎಂದೂ ಅಪ್ಸರೆ ಎಂದೂ ಬರೆಯುವುದು ವಾಡಿಕೆ. ಆದರೆ ನಮ್ಮಲ್ಲಿ ಇವು ಬೇರೆ ಬೇರೆ ಕುಲಗಳು. ಅಮರಕೋಶವು ವಿದ್ಯಾಧರ, ಅಪ್ಸರಸ್ಸು, ಯಕ್ಷ, ರಾಕ್ಷಸ, ಗಂಧರ್ವ, ಕಿನ್ನರ, ಪಿಶಾಚ, ಗುಹ್ಯಕ, ಸಿದ್ಧ, ಭೂತ ಎಂದು ಹತ್ತು ದೇವಯೋನಿಗಳನ್ನು ಎಣಿಸುತ್ತದೆ. ಕಿನ್ನರನಿಗೆ ಕುದುರೆಯ ಮುಖ, ಗಂಧರ್ವನಿಗೆ ಗಾನ, ಯಕ್ಷನಿಗೆ ಕುಬೇರನ ಸೇವೆ. ಇಂಗ್ಲೆಂಡಿನ ಫೇರಿಗೆ ಇಂಥ ಕುಲಗೋತ್ರಗಳ ಕಟ್ಟುಪಾಡಿಲ್ಲ. ಅವಳು ಹಳ್ಳಿಗರ ಮಾತಿನಲ್ಲಿ ಹುಟ್ಟಿದವಳು. ಹಾಲು ಕೆಡಿಸುವವಳು, ದಾರಿ ತಪ್ಪಿಸುವವಳು, ಒಲಿದರೆ ಮನೆಗೆಲಸ ಮಾಡಿಕೊಡುವವಳು. ನಮ್ಮ ಹುಣಸೆಮರದ ಮೋಹಿನಿಗೂ ಹೊಳೆಯ ಮಡುವಿನ ಗಂಗಮ್ಮನಿಗೂ ಅವಳು ಹತ್ತಿರದ ನೆಂಟಳೇ ಹೊರತು ಇಂದ್ರಸಭೆಯ ರಂಭೆ ಊರ್ವಶಿಯರಿಗಲ್ಲ. ಪದಗಳು ನಾಡಿನಿಂದ ನಾಡಿಗೆ ಹೋಗುವಾಗ ವೇಷ ಬದಲಿಸುತ್ತವೆ. ಬ್ರೌನಿಂಗ್ ಕವಿಯ ಕೊಳಲುಗಾರನು ಕುವೆಂಪು ಅವರ ಕೈಯಲ್ಲಿ ಬೊಮ್ಮನಹಳ್ಳಿಯ ಕಿಂದರಿಜೋಗಿಯಾದಾಗ, ಕಿನ್ನರಿಯೆಂಬ ತಂತಿವಾದ್ಯದ ಹೆಸರೇ ಕಿಂದರಿಯಾಗಿ ಅವನ ಕೈಗೆ ಬಂದುದನ್ನು ನೆನೆಯಬಹುದು.

ಇಂಗ್ಲೆಂಡಿನಲ್ಲಿ ಈ ಹಳ್ಳಿಯ ಜೀವಿಗೆ ಸಾಹಿತ್ಯದಲ್ಲಿ ಮಾನ್ಯಸ್ಥಾನ ದೊರಕಿಸಿಕೊಟ್ಟವರಲ್ಲಿ ಷೇಕ್ಸ್‌ಪಿಯರ್ ಮಹಾಕವಿ ಮುಖ್ಯನಾದವನು. ಅವನ ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ ನಾಟಕದಲ್ಲಿ ಫೇರಿಗಳ ಅರಸನಾದ ಓಬೆರಾನ್, ಅರಸಿಯಾದ ಟೈಟಾನಿಯಾ, ತುಂಟ ಸೇವಕನಾದ ಪಕ್ ಬರುತ್ತಾರೆ. ಎಂ. ಎಲ್. ಶ್ರೀಕಂಠೇಶಗೌಡರು ಈ ನಾಟಕವನ್ನು ‘ಪ್ರಮೀಳಾರ್ಜುನೀಯ’ವೆಂಬ ಹೆಸರಿನಿಂದ ಕನ್ನಡಕ್ಕೆ ಒಗ್ಗಿಸಿದುದನ್ನು ನಮ್ಮ ಸಾಹಿತ್ಯ ವಿದ್ಯಾರ್ಥಿಗಳು ಬಲ್ಲರು. ವಿಕ್ಟೋರಿಯಾ ರಾಣಿಗಿಂತ ಹಿಂದೆಯೇ ಫ್ಯೂಸೆಲಿ ಮತ್ತು ಬ್ಲೇಕ್ ಎಂಬವರು ಈ ಪಾತ್ರಗಳನ್ನು ಚಿತ್ರಿಸಿದ್ದರು. ಆದರೆ ರಾಣಿಯು ೧೮೩೭ರಲ್ಲಿ ಪಟ್ಟಕ್ಕೆ ಬಂದ ಮೇಲೆ, ಮುಂದಿನ ಮೂರು ನಾಲ್ಕು ದಶಕಗಳಲ್ಲಿ, ಫೇರಿಗಳ ಚಿತ್ರವು ಅಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿಯೇ ಬೆಳೆಯಿತು.

ಇದಕ್ಕೆ ಕಾರಣಗಳು ಹಲವು. ಅದು ಉಗಿಯಂತ್ರದ ಕಾಲ. ಹಳ್ಳಿಗಳನ್ನು ಬಿಟ್ಟು ಜನ ಕಾರ್ಖಾನೆಯ ಊರುಗಳಿಗೆ ಬಂದು ತುಂಬಿದರು. ೧೮೫೧ರ ಜನಗಣತಿಯ ವೇಳೆಗೆ ಅಲ್ಲಿ ಪಟ್ಟಣವಾಸಿಗಳೇ ಹೆಚ್ಚಾದರು. ಕಾಡು ದೂರವಾದಷ್ಟೂ ಕಾಡಿನ ಕಥೆ ಪ್ರಿಯವಾಗುವುದು ಲೋಕದ ರೂಢಿ. ಜರ್ಮನಿಯ ಗ್ರಿಮ್ ಸಹೋದರರ ಕಥೆಗಳು ೧೮೨೩ರಲ್ಲಿಯೂ ಡೆನ್ಮಾರ್ಕಿನ ಆಂಡರ್ಸನ್ನನ ಕಥೆಗಳು ೧೮೪೬ರಲ್ಲಿಯೂ ಇಂಗ್ಲಿಷಿಗೆ ಬಂದವು. ರಂಗಭೂಮಿಯಲ್ಲಿ ಅನಿಲದೀಪಗಳ ಬೆಳಕಿನಲ್ಲಿ, ತಂತಿಯ ಆಧಾರದಿಂದ ಹಾರಾಡುವ ನರ್ತಕಿಯರನ್ನು ಜನ ಕಂಡರು. ಸೂಕ್ಷ್ಮದರ್ಶಕವನ್ನಿಟ್ಟುಕೊಂಡು ಎಲೆಯ ನರಗಳನ್ನೂ ಕೀಟದ ರೆಕ್ಕೆಗಳನ್ನೂ ಪರೀಕ್ಷಿಸುವುದು ಸಂಭಾವಿತರ ಹವ್ಯಾಸವಾಯಿತು. ಸತ್ತವರೊಡನೆ ಮಾತನಾಡುತ್ತೇವೆನ್ನುವ ಪ್ರೇತವಾದಿಗಳ ಗುಂಪುಗಳು ೧೮೪೮ರ ತರುವಾಯ ಅಮೆರಿಕದಿಂದ ಹಬ್ಬಿದವು. ವಿಜ್ಞಾನವು ಕಾಣದುದನ್ನು ಕಾಣಿಸತೊಡಗಿದ ಕಾಲದಲ್ಲಿಯೇ, ಇನ್ನೂ ಕಾಣದೆ ಉಳಿದದ್ದರ ಬಗೆಗೆ ಕುತೂಹಲವು ಕೆರಳಿತು. ಇನ್ನೊಂದು ಕಾರಣವನ್ನೂ ಹೇಳಬೇಕು. ಮಡಿವಂತಿಕೆಯ ಆ ಸಮಾಜದಲ್ಲಿ ಮಾನವ ಸ್ತ್ರೀಯ ದೇಹಸೌಂದರ್ಯವನ್ನು ಬರೆಯಲು ಅಂಜುತ್ತಿದ್ದ ಚಿತ್ರಕಾರನು ಒಂದು ಜೊತೆ ರೆಕ್ಕೆಯನ್ನು ಸೇರಿಸಿದರೆ ಆಕ್ಷೇಪಣೆಯಿಂದ ಪಾರಾಗುತ್ತಿದ್ದನು.

ಈ ವಿಚಿತ್ರವಾದ ಸಂದರ್ಭಕ್ಕೆ ಒಂದೇ ಉದಾಹರಣೆ ಸಾಕು. ಗ್ರೇಟ್ ವೆಸ್ಟರ್ನ್ ರೈಲುಮಾರ್ಗವನ್ನು ಕಟ್ಟಿದ ಪ್ರಸಿದ್ಧ ಎಂಜಿನಿಯರು ಬ್ರೂನೆಲ್. ಬೆಟ್ಟಗಳನ್ನು ಕೊರೆದು ಕಂಬಿ ಹಾಸಿದ ಆ ಮನುಷ್ಯನೇ ತನ್ನ ಮನೆಯ ಷೇಕ್ಸ್‌ಪಿಯರ್ ಕೋಣೆಗಾಗಿ ಲ್ಯಾಂಡ್ಸೀರ್ ಎಂಬ ಚಿತ್ರಕಾರನಿಂದ ಫೇರಿಗಳ ಚಿತ್ರವನ್ನು ಬರೆಯಿಸಿಕೊಂಡನು. ಕತ್ತೆಯ ತಲೆಯ ಬಾಟಮನನ್ನು ಟೈಟಾನಿಯಾ ಒಲವಿನಿಂದ ಆತುಕೊಂಡಿರುವ ಆ ಚಿತ್ರವು ೧೮೫೧ರಲ್ಲಿ ಮುಗಿಯಿತು. ಇಂದು ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ಕಲಾಶಾಲೆಯಲ್ಲಿದೆ. ಹಗಲೆಲ್ಲ ಕಬ್ಬಿಣದ ಲೆಕ್ಕ, ಸಂಜೆಗೆ ಕನಸಿನ ಕಾಡು!

ಸ್ಕಾಟ್ಲೆಂಡಿನ ಜೋಸೆಫ್ ನೋಯೆಲ್ ಪೇಟನ್ ೧೮೪೯ರಲ್ಲಿ ಬರೆದ ಓಬೆರಾನ್-ಟೈಟಾನಿಯಾರ ಜಗಳದ ಚಿತ್ರವು ಈ ಪ್ರಕಾರದ ಇನ್ನೊಂದು ಮುಖವನ್ನು ತೋರಿಸುತ್ತದೆ. ನಡುವೆ ಅರಸ ಅರಸಿಯರು. ಸುತ್ತಲೂ ಹುಲ್ಲಿನ ನಡುವೆ, ಹೂವಿನ ಮೇಲೆ, ಬೇರುಗಳ ಸಂದಿನಲ್ಲಿ ಕಿಕ್ಕಿರಿದ ಸಣ್ಣ ಸಣ್ಣ ಫೇರಿಗಳು. ‘ಆಲಿಸ್’ ಕಥೆಯನ್ನು ಬರೆದು ಮುಂದೆ ಕೀರ್ತಿವಂತನಾದ ಲೂಯಿಸ್ ಕ್ಯಾರಲ್, ೧೮೫೭ರಲ್ಲಿ ಎಡಿನ್‌ಬರೋದಲ್ಲಿ ಈ ಚಿತ್ರದ ಮುಂದೆ ನಿಂತು, ಒಂದೊಂದಾಗಿ ಎಣಿಸಿ, ಫೇರಿಗಳ ಸಂಖ್ಯೆ ೧೬೫ ಎಂದು ದಿನಚರಿಯಲ್ಲಿ ಬರೆದಿಟ್ಟನು. ಅವನು ಗಣಿತದ ಉಪಾಧ್ಯಾಯನೂ ಹೌದಷ್ಟೆ. ಎಣಿಸುವಷ್ಟು ಹೊತ್ತು ನೋಡುಗನನ್ನು ನಿಲ್ಲಿಸಿಕೊಳ್ಳುವುದು ಚಿತ್ರಕ್ಕೆ ಸಣ್ಣ ಗೌರವವಲ್ಲ.

ಎಲ್ಲರ ಫೇರಿಗಳೂ ಸೌಮ್ಯವಾಗಿರಲಿಲ್ಲ. ಜನರಿಂದ ‘ಫೇರಿ ಫಿಟ್ಜ್‌ಜೆರಾಲ್ಡ್’ ಎಂದೇ ಕರೆಸಿಕೊಂಡ ಜಾನ್ ಆನ್ಸ್ಟರ್ ಫಿಟ್ಜ್‌ಜೆರಾಲ್ಡನ ಚಿತ್ರಗಳಲ್ಲಿ ಅವು ಕೆಂಪೆದೆಯ ರಾಬಿನ್ ಹಕ್ಕಿಯನ್ನು ಸೆರೆಹಿಡಿದು ಕಾಡುತ್ತವೆ. ಮಲಗಿದ ಹುಡುಗಿಯ ಹಾಸಿಗೆಯ ಸುತ್ತ ವಿಕಾರವಾದ ರೂಪಗಳು ನೆರೆಯುತ್ತವೆ. ರಿಚರ್ಡ್ ಡಾಯಲ್‌ನ ‘ಇನ್ ಫೇರಿಲ್ಯಾಂಡ್’ ಎಂಬ ಪುಸ್ತಕದಲ್ಲಿ, ಅದರ ಮೇಲೆ ೧೮೭೦ನೆಯ ಇಸವಿ ಇದೆ, ಅವು ಮಕ್ಕಳಂತೆ ಆಡುತ್ತವೆ. ಹೀಗೆ ಒಬ್ಬೊಬ್ಬ ಚಿತ್ರಕಾರನಿಗೆ ಒಂದೊಂದು ಬಗೆಯ ಫೇರಿ. ಇದಕ್ಕೆ ಕಾರಣ ಸ್ಪಷ್ಟ: ಅವುಗಳಿಗೆ ಲಕ್ಷಣಗ್ರಂಥವಿರಲಿಲ್ಲ. ಚಿತ್ರಕಾರನು ನಾಟಕದಿಂದ ಹೆಸರನ್ನೂ ರಂಗಸ್ಥಳದಿಂದ ಉಡುಪನ್ನೂ ಚಿಟ್ಟೆಯಿಂದ ರೆಕ್ಕೆಯನ್ನೂ ಕಡ ತಂದು ಉಳಿದುದನ್ನು ತನ್ನ ಮನಸ್ಸಿನಿಂದಲೇ ತುಂಬಬೇಕಾಗಿತ್ತು. ಮನಸ್ಸು ಹೇಗೋ ಫೇರಿಯೂ ಹಾಗೆ.

ಮನಸ್ಸನ್ನೇ ನೆಚ್ಚಿ ಹೊರಟವನ ದಾರಿ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ರಿಚರ್ಡ್ ಡ್ಯಾಡ್‌ನ ಬಾಳು ಸಾಕ್ಷಿ. ಅವನು ಹುಟ್ಟಿದ್ದು ೧೮೧೭ರಲ್ಲಿ. ಇಪ್ಪತ್ತನಾಲ್ಕನೆಯ ವಯಸ್ಸಿನ ವೇಳೆಗೇ ಮಲಗಿದ ಟೈಟಾನಿಯಾ, ಪಕ್ ಮೊದಲಾದ ಚಿತ್ರಗಳಿಂದ ಹೆಸರಾಗಿದ್ದನು. ೧೮೪೨ರಲ್ಲಿ ಧನಿಕರೊಬ್ಬರ ಜೊತೆಯಲ್ಲಿ ಚಿತ್ರ ಬರೆಯುವ ಕೆಲಸಕ್ಕಾಗಿ ಈಜಿಪ್ಟಿನವರೆಗೆ ಪ್ರವಾಸ ಹೋದವನು ಬುದ್ಧಿಭ್ರಮೆಗೆ ಒಳಗಾಗಿ ಹಿಂದಿರುಗಿದನು. ಈಜಿಪ್ಟಿನ ಆಸಿರಿಸ್ ದೇವತೆ ತನಗೆ ಆಜ್ಞೆ ಕೊಡುತ್ತಿದೆಯೆಂದು ನಂಬಿ ೧೮೪೩ರ ಆಗಸ್ಟ್ ತಿಂಗಳಲ್ಲಿ ಹೆತ್ತ ತಂದೆಯನ್ನೇ ಕೊಂದನು. ಉಳಿದ ಬಾಳೆಲ್ಲ, ೧೮೮೬ರಲ್ಲಿ ಸಾಯುವ ತನಕ, ಆಸ್ಪತ್ರೆಯ ಗೋಡೆಗಳ ಒಳಗೆ ಕಳೆಯಿತು. ಮೊದಲು ಲಂಡನ್ನಿನ ಬೆತ್ಲೆಮ್, ಆಮೇಲೆ ಬ್ರಾಡ್‌ಮೂರ್.

ಬೆತ್ಲೆಮ್ ಆಸ್ಪತ್ರೆಯಲ್ಲಿದ್ದಾಗ, ಅಲ್ಲಿಯ ಅಧಿಕಾರಿಯೊಬ್ಬರಿಗಾಗಿ, ಡ್ಯಾಡ್ ತನ್ನ ಅತ್ಯುತ್ತಮ ಕೃತಿಯನ್ನು ಬರೆಯತೊಡಗಿದನು. ಅದರ ಹೆಸರು ‘ದಿ ಫೇರಿ ಫೆಲ್ಲರ್ಸ್ ಮಾಸ್ಟರ್ ಸ್ಟ್ರೋಕ್’. ಫೇರಿ ಮರಕಡಿಯುವವನ ಮಹಾಪ್ರಹಾರವೆಂದು ಅರ್ಥ ಮಾಡಬಹುದು. ಚಿತ್ರದ ಎತ್ತರ ಸುಮಾರು ೫೪ ಸೆಂಟಿಮೀಟರ್, ಅಗಲ ೩೯. ನಮ್ಮ ಮನೆಗಳ ದೇವರ ಪಟದಷ್ಟು. ಅದನ್ನು ಬರೆಯಲು ಅವನಿಗೆ ೧೮೫೫ರಿಂದ ೧೮೬೪ರವರೆಗೆ, ಸುಮಾರು ಒಂಬತ್ತು ವರ್ಷ ಹಿಡಿಯಿತು. ಚಿತ್ರದ ಉದ್ದಕ್ಕೂ ಹುಲ್ಲಿನ ಎಸಳುಗಳು ಅಡ್ಡವಾಗಿ ಹಾದುಹೋಗಿವೆ. ನಾವು ನೆಲಕ್ಕೆ ಬಾಗಿ, ಹುಲ್ಲನ್ನು ಸರಿಸಿ, ನೋಡಬಾರದ್ದನ್ನು ನೋಡುತ್ತಿರುವಂತಿದೆ. ಆಚೆ ಹತ್ತಾರು ಪುಟ್ಟ ಜೀವಿಗಳು ಉಸಿರು ಬಿಗಿಹಿಡಿದು ನಿಂತಿವೆ. ನಡುವೆ ಬೆನ್ನು ತಿರುಗಿಸಿ ನಿಂತ ಮರಕಡಿಯುವವನು ಕೊಡಲಿ ಎತ್ತಿದ್ದಾನೆ. ಅವನು ಸೀಳಬೇಕಾದದ್ದು ಮರವನ್ನಲ್ಲ, ಒಂದು ಹೇಜಲ್ ಕಾಯಿಯನ್ನು. ಅದರ ಹೋಳಿನಿಂದ ಫೇರಿಗಳ ರಾಣಿ ಮ್ಯಾಬಳಿಗೆ ಹೊಸ ರಥವಾಗಬೇಕು. ಒಂದೇ ಏಟಿಗೆ ಕಾಯಿ ಸೀಳೀತೇ? ಕೊಡಲಿ ಮೇಲೆಯೇ ಉಳಿದಿದೆ. ಡ್ಯಾಡ್‌ನನ್ನು ೧೮೬೪ರಲ್ಲಿ ಬ್ರಾಡ್‌ಮೂರಿಗೆ ಸಾಗಿಸಿದುದರಿಂದ ಚಿತ್ರದ ಕೆಲವು ಭಾಗಗಳಿಗೆ ಬಣ್ಣ ತುಂಬುವುದೂ ಉಳಿದುಹೋಯಿತು. ಡ್ಯಾಡ್ ಮನೆತನದ ಸಹೋದರರ ಸ್ನೇಹಿತನಾಗಿದ್ದ ಕವಿ ಸೀಗ್‌ಫ್ರೀಡ್ ಸಸೂನ್ ಅವರ ನೆನಪಿಗಾಗಿ ೧೯೬೩ರಲ್ಲಿ ಇದನ್ನು ಲಂಡನ್ನಿನ ಟೇಟ್ ಕಲಾಶಾಲೆಗೆ ಕೊಟ್ಟನು.

ಈಗ ನಮ್ಮ ನಾಡಿನ ಕಡೆಗೆ ತಿರುಗೋಣ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ೧೭೯೯ರಲ್ಲಿ ಪಟ್ಟವಾದಾಗ ಐದು ವರ್ಷ. ನಗರದ ದಂಗೆಯ ನೆಪದಿಂದ ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅಲ್ಲಿಂದ ೧೮೬೮ರಲ್ಲಿ ದೈವಾಧೀನರಾಗುವವರೆಗೆ, ಮೂವತ್ತೇಳು ವರ್ಷ, ಅವರು ರಾಜ್ಯಭಾರವಿಲ್ಲದ ರಾಜರಾಗಿದ್ದರು. ಈ ಅವಧಿಯ ಬಹುಭಾಗವು ವಿಕ್ಟೋರಿಯಾ ರಾಣಿಯ ಆಳ್ವಿಕೆಯೇ ಎಂಬುದನ್ನು ಗಮನಿಸಬೇಕು. ಸೈನ್ಯ, ಕಂದಾಯ, ನ್ಯಾಯಸ್ಥಾನಗಳು ಕಮಿಷನರರ ಪಾಲಾದ ಮೇಲೆ ಅರಮನೆಯಲ್ಲಿ ಉಳಿದದ್ದು ವಿದ್ವಾಂಸರು, ಗಾಯಕರು, ಚಿತ್ರಗಾರರು. ಬೇರೊಬ್ಬರು ಹತಾಶರಾಗಿ ಕುಳಿತುಬಿಡಬಹುದಾಗಿದ್ದ ಸ್ಥಿತಿಯಲ್ಲಿ ಈ ದೊರೆ ಮತ್ತೊಂದು ಸಾಮ್ರಾಜ್ಯವನ್ನು ಕಾಗದದ ಮೇಲೆ ಕಟ್ಟಿಸತೊಡಗಿದರು. ಅದೇ ‘ಶ್ರೀತತ್ತ್ವನಿಧಿ’.

ಶ್ರೀತತ್ತ್ವನಿಧಿಯಲ್ಲಿ ಒಂಬತ್ತು ನಿಧಿಗಳಿವೆ: ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ, ವೈಷ್ಣವ, ಶೈವ, ಆಗಮ, ಕೌತುಕ. ಆಗಮ ಪುರಾಣಗಳಲ್ಲಿ ಚದರಿದ್ದ ಧ್ಯಾನಶ್ಲೋಕಗಳನ್ನು ಒಟ್ಟುಗೂಡಿಸಿ, ಒಂದೊಂದು ಶ್ಲೋಕಕ್ಕೆ ತಕ್ಕ ಚಿತ್ರವನ್ನು ಅರಮನೆಯ ಚಿತ್ರಗಾರರಿಂದ ಬರೆಯಿಸಿರುವ ಮಹಾಸಂಗ್ರಹವಿದು. ದೇವತೆಗಳಷ್ಟೇ ಅಲ್ಲ, ಗ್ರಹಗಳು ಮುಂತಾಗಿ ಯಾರೂ ಕಣ್ಣಾರೆ ಕಾಣದವಕ್ಕೆಲ್ಲ ಇಲ್ಲಿ ರೂಪವಿದೆ. ಕೌತುಕನಿಧಿಯಲ್ಲಿ ಯೋಗಾಸನಗಳ ಚಿತ್ರಗಳೂ ದೊರೆಯೇ ರೂಪಿಸಿದ ಗಂಜೀಫಾ ಎಲೆಯಾಟಗಳೂ ಸೇರಿವೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು ಇದರ ಕೆಲವು ನಿಧಿಗಳನ್ನು ಬಣ್ಣದ ಚಿತ್ರಗಳೊಡನೆ ಅಚ್ಚು ಮಾಡಿಸಿ ಸಾಮಾನ್ಯ ಓದುಗರಿಗೂ ಎಟುಕುವಂತೆ ಮಾಡಿದೆ.

ಇಲ್ಲಿಯ ಚಿತ್ರಗಾರನ ಕೆಲಸದ ಕ್ರಮ ಬೇರೆ. ಅವನು ಹುಣಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ರೇಖೆ ಎಳೆಯುತ್ತಿದ್ದನು. ಅಳಿಲಿನ ಕೂದಲಿನ ಕುಂಚದಿಂದ ಸೂಕ್ಷ್ಮವಾದ ಗೆರೆಗಳನ್ನು ತಿದ್ದುತ್ತಿದ್ದನು. ಮೈಸೂರು ಶೈಲಿಯ ಪಟಗಳಲ್ಲಿ ಒಡವೆಗೂ ಸಿಂಹಾಸನಕ್ಕೂ ಸಫೇದಿನ ಲೇಪದಿಂದ ತುಸುವೇ ಉಬ್ಬು ಕೊಟ್ಟು, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುವುದು ಪದ್ಧತಿ. ತಂಜಾವೂರಿನವರ ಹಾಗೆ ದಪ್ಪ ಉಬ್ಬಿಲ್ಲ, ಹರಳುಗಳ ಆಡಂಬರವಿಲ್ಲ. ಮೈಬಣ್ಣ ಯಾವುದು, ಕೈಗಳೆಷ್ಟು, ಯಾವ ಕೈಯಲ್ಲಿ ಏನು, ವಾಹನ ಯಾವುದು ಎಂಬುದನ್ನೆಲ್ಲ ಶ್ಲೋಕವೇ ಗೊತ್ತುಮಾಡಿರುತ್ತದೆ. ಹಾಗಾದರೆ ಚಿತ್ರಗಾರನಿಗೆ ಉಳಿದ ಸ್ವಾತಂತ್ರ್ಯವೇನು? ಕಣ್ಣಿನ ನೋಟ, ಬೆರಳಿನ ಬಾಗು, ಸೆರಗಿನ ನೆರಿಗೆ, ರೇಖೆಯ ಉಸಿರು. ಒಂದೇ ರಾಗದ ಅದೇ ಸ್ವರಗಳನ್ನು ಹಿಡಿದು ಇಬ್ಬರು ವಿದ್ವಾಂಸರು ಎರಡು ಬಗೆಯಾಗಿ ಹಾಡುವಂತೆಯೇ ಇದು.

ಇದಕ್ಕೆ ನಿದರ್ಶನವನ್ನು ನಂಜನಗೂಡಿನಲ್ಲಿ ನೋಡಬಹುದು. ಶ್ರೀತತ್ತ್ವನಿಧಿಯ ಶಿವನಿಧಿಯಲ್ಲಿ ಗಣಪತಿಯ ೩೨ ರೂಪಗಳ ವರ್ಣನೆಯೂ ಚಿತ್ರವೂ ಇವೆ. ಸುಮಾರು ಅದೇ ಕಾಲದಲ್ಲಿ, ಅದೇ ದೊರೆಯ ಅಪ್ಪಣೆಯಂತೆ, ಈ ೩೨ ರೂಪಗಳನ್ನು ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದಲ್ಲಿಯೂ ಚಾಮರಾಜನಗರದ ದೇವಾಲಯದಲ್ಲಿಯೂ ಶಿಲ್ಪಗಳಾಗಿ ರೂಪಿಸಲಾಯಿತು. ಪುಸ್ತಕದ ಪುಟದಲ್ಲಿದ್ದ ದೇವತೆ ಗೋಡೆಯ ಬಳಿಗೆ ಇಳಿದುಬಂದ ಹಾಗಾಯಿತು. ಅರಮನೆಯ ಪುಸ್ತಕವನ್ನು ನೋಡುವ ಭಾಗ್ಯವಿಲ್ಲದ ರೈತನೂ ಯಾತ್ರಿಕನೂ ಅದನ್ನು ನೋಡುವಂತಾಯಿತು.

ಬಾಲಗಣಪತಿಯನ್ನು ತೆಗೆದುಕೊಳ್ಳಿ. ಅವನ ಮೈ ಉದಯಸೂರ್ಯನ ಬಣ್ಣ. ನಾಲ್ಕು ಕೈಗಳಲ್ಲಿ ಬಾಳೆ, ಮಾವು, ಹಲಸು, ಕಬ್ಬು. ಭಕ್ತಿಗಣಪತಿಗೆ ಶರತ್ಕಾಲದ ಚಂದ್ರನ ಬಿಳುಪು. ಹೇರಂಬನಿಗೆ ಐದು ಮುಖ, ಹತ್ತು ಕೈ, ಸಿಂಹವಾಹನ. ನೃತ್ತಗಣಪತಿ ಕಲ್ಪವೃಕ್ಷದ ಕೆಳಗೆ ಕುಣಿಯುತ್ತಾನೆ. ಯೋಗಗಣಪತಿ ಯೋಗಪಟ್ಟ ಬಿಗಿದು ಕುಳಿತಿರುತ್ತಾನೆ. ಸಾಲ ಕಳೆಯುವ ಋಣಮೋಚನ ಗಣಪತಿಯೂ ಉಂಟು! ಒಂದೇ ದೈವವನ್ನು ಮೂವತ್ತೆರಡು ಬಗೆಯಾಗಿ ಕಂಡ ಮನಸ್ಸಿನ ಸಮೃದ್ಧಿ ಎಂಥದು! ಇಲ್ಲಿ ಒಂದು ಸಂಗತಿಯನ್ನು ನೆನಪಿಡಬೇಕು. ಶಿಲ್ಪವು ಆಕಾರವನ್ನು ಉಳಿಸಿಕೊಳ್ಳುತ್ತದೆಯೇ ಹೊರತು ಶ್ಲೋಕವು ಹೇಳಿದ ಬಣ್ಣವನ್ನಲ್ಲ. ಬಾಲನ ಅರುಣವರ್ಣವೂ ಭಕ್ತಿಗಣಪತಿಯ ಬೆಳದಿಂಗಳ ಬಣ್ಣವೂ ಪುಟದಲ್ಲಿ ಮಾತ್ರ ಉಳಿಯುತ್ತವೆ. ಆದುದರಿಂದ ಪುಸ್ತಕವನ್ನು ಬಿಟ್ಟು ಶಿಲ್ಪವನ್ನೂ ಶಿಲ್ಪವನ್ನು ಬಿಟ್ಟು ಪುಸ್ತಕವನ್ನೂ ನೋಡಿದವನಿಗೆ ಅರ್ಧದಷ್ಟೇ ದಕ್ಕುತ್ತದೆ.

ಬಾಲಗಣಪತಿಯ ಕೈಯ ಹಣ್ಣುಗಳು ದೇವಲೋಕದವಲ್ಲ, ನಮ್ಮ ತೋಟಗಳವು. ರಸಬಾಳೆಯ ಊರಿನಲ್ಲಿ ನಿಂತ ದೇವರ ಕೈಯಲ್ಲಿ ಬಾಳೆಹಣ್ಣು ಇರುವುದನ್ನು ನೋಡಿ ಇಲ್ಲಿಯವರಿಗೆ ಸಂತೋಷವಾಗದೆ ಇರದು. ಡ್ಯಾಡ್ ಹುಲ್ಲಿನ ಎಸಳನ್ನು ಬರೆದಾಗ ಮಾಡಿದುದೂ ಇದನ್ನೇ. ಕಾಣದ ಜೀವಿಯನ್ನು ನಂಬಿಸಬೇಕಾದರೆ ಅದರ ಸುತ್ತಲೂ ಕಂಡ ವಸ್ತುವನ್ನು ತಪ್ಪಿಲ್ಲದೆ ಇಡಬೇಕು. ಫೇರಿಯನ್ನು ಯಾರೂ ಕಂಡಿಲ್ಲ, ಹುಲ್ಲನ್ನು ಎಲ್ಲರೂ ಕಂಡಿದ್ದಾರೆ. ಹುಲ್ಲು ನಿಜವಾದರೆ ಫೇರಿಯೂ ಅರ್ಧ ನಿಜವಾಗುತ್ತಾಳೆ. ಈ ಗುಟ್ಟನ್ನು ಎರಡು ನಾಡಿನ ಚಿತ್ರಕಾರರೂ ಬಲ್ಲವರಾಗಿದ್ದರು.

ಸಣ್ಣ ವಸ್ತುವಿನಲ್ಲಿ ದೊಡ್ಡ ಅರ್ಥವನ್ನು ತುಂಬುವುದು ಇನ್ನೊಂದು ಗುಟ್ಟು. ಡ್ಯಾಡ್‌ನ ಚಿತ್ರವೆಲ್ಲ ಒಂದು ಹೇಜಲ್ ಕಾಯಿಯ ಸುತ್ತ ನಿಂತಿದೆಯಷ್ಟೆ. ತಿರುಮಕೂಡಲು ನರಸೀಪುರದ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿರುವುದೂ ಒಂದು ಗುಲಗಂಜಿ. ಈ ಕ್ಷೇತ್ರದ ಪುಣ್ಯವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೆಂಬುದು ಅದರ ಅರ್ಥವೆಂದು ಹೇಳುತ್ತಾರೆ. ಎಷ್ಟು ಹೆಚ್ಚೆಂದು ಹೇಳುವಲ್ಲಿಯೂ ಎಂಥ ವಿನಯ! ಅಲ್ಲಿಯ ಸಂಗಮದಲ್ಲಿ ಕಣ್ಣಿಗೆ ಕಾಣುವುದು ಕಾವೇರಿ ಮತ್ತು ಕಪಿಲೆ. ಮೂರನೆಯದಾದ ಸ್ಫಟಿಕ ಸರೋವರವು ಗುಪ್ತವಾಗಿದೆಯೆಂದು ನಂಬಿಕೆ. ಆ ಕಾಣದ ಮೂರನೆಯದು ಸೇರಿದ್ದರಿಂದಲೇ ಅದು ತ್ರಿವೇಣಿ. ಕಾಣದುದನ್ನು ಲೆಕ್ಕಕ್ಕೆ ಹಿಡಿಯುವುದು ನಮ್ಮ ಸೀಮೆಗೆ ಹೊಸದಲ್ಲ.

ಹಾಗಾದರೆ ಎರಡು ನಾಡುಗಳ ಕಲೆಗೂ ಇರುವ ಮುಖ್ಯ ವ್ಯತ್ಯಾಸವೇನು? ಇಂಗ್ಲೆಂಡಿನ ಚಿತ್ರಕಾರನು ಒಂಟಿ. ಅವನು ತಾನು ನಂಬದುದನ್ನು ತನ್ನ ಕಲ್ಪನೆಯ ಬಲದಿಂದ ಬರೆದು, ನಂಬದ ಜನರ ಮುಂದೆ ಇಡಬೇಕು, ಮೆಚ್ಚಿದರೆ ಕೊಳ್ಳುತ್ತಾರೆ. ಮೈಸೂರಿನ ಚಿತ್ರಗಾರನ ಹಿಂದೆ ಶಾಸ್ತ್ರವಿದೆ, ಮುಂದೆ ಭಕ್ತನಿದ್ದಾನೆ, ಪಕ್ಕದಲ್ಲಿ ಅದೇ ಕುಲವೃತ್ತಿಯ ಅಣ್ಣತಮ್ಮಂದಿರಿದ್ದಾರೆ. ಒಬ್ಬನಿಗೆ ಸ್ವಾತಂತ್ರ್ಯ ಹೆಚ್ಚು, ಆಸರೆ ಕಡಮೆ. ಇನ್ನೊಬ್ಬನಿಗೆ ಆಸರೆ ಹೆಚ್ಚು, ಸ್ವಾತಂತ್ರ್ಯ ಕಡಮೆ. ಇವುಗಳಲ್ಲಿ ಯಾವುದು ಮೇಲೆಂದು ತೀರ್ಪು ಕೊಡುವುದು ಸುಲಭವಲ್ಲ. ಡ್ಯಾಡ್‌ನ ಹೆಸರನ್ನು ಲೋಕ ಬಲ್ಲದು. ಶ್ರೀತತ್ತ್ವನಿಧಿಯ ಚಿತ್ರಗಾರರ ಹೆಸರುಗಳು ನಮ್ಮ ನಾಲಗೆಯ ಮೇಲಿಲ್ಲ. ಆದರೆ ಶಾಸ್ತ್ರಕ್ಕೆ ಬದ್ಧನಾದವನು ಹೆಸರಿಲ್ಲದವನೇ ಆಗಬೇಕೆಂಬ ನಿಯಮವೇನೂ ಇಲ್ಲ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ, ಹದಿಮೂರನೆಯ ಶತಮಾನದ ಕೇಶವ ದೇವಾಲಯದ ಹಲವು ಮೂರ್ತಿಗಳ ಪೀಠಗಳ ಮೇಲೆ ಶಿಲ್ಪಿ ಮಲ್ಲಿತಮ್ಮನ ಹೆಸರು ಇಂದಿಗೂ ಓದುವಂತಿದೆ.

ಮತ್ತೊಂದು ಹೋಲಿಕೆಯೂ ಉಂಟು. ಎರಡು ಕಡೆಯೂ ಈ ಕಲೆ ಹುಟ್ಟಿದ್ದು ಒಂದು ಬಗೆಯ ನಷ್ಟದ ನಡುವೆ. ಇಂಗ್ಲೆಂಡಿನವರು ಕಾಡನ್ನೂ ಹಳ್ಳಿಯನ್ನೂ ಕಳೆದುಕೊಳ್ಳುತ್ತಿದ್ದರು. ಮುಮ್ಮಡಿಯವರು ರಾಜ್ಯವನ್ನು ಕಳೆದುಕೊಂಡಿದ್ದರು. ಹೊರಗೆ ಕಳೆದದ್ದನ್ನು ಒಳಗೆ ಪಡೆಯುವ ಯತ್ನ ಇದೆಂದರೆ ಅತಿಶಯೋಕ್ತಿಯಾಗದು. ಶ್ರೀಕಂಠೇಶ್ವರ ದೇವಾಲಯವು ೩೮೫ ಅಡಿ ಉದ್ದ, ೧೬೦ ಅಡಿ ಅಗಲದ ದೊಡ್ಡ ಗುಡಿ. ಅದರ ೧೨೦ ಅಡಿ ಎತ್ತರದ, ಗಾರೆಯ ಗೊಂಬೆಗಳಿಂದ ತುಂಬಿದ ಗೋಪುರವನ್ನು ೧೮೪೫ರಲ್ಲಿ ಕಟ್ಟಿಸಿದವರು ಮುಮ್ಮಡಿಯವರ ರಾಣಿ ದೇವಾಜಮ್ಮಣ್ಣಿಯವರು. ಆಡಳಿತ ಕೈತಪ್ಪಿ ಹದಿನಾಲ್ಕು ವರ್ಷವಾದ ಮೇಲೆ ಎದ್ದ ಗೋಪುರವದು! ಒಳಗೆ ಮುಮ್ಮಡಿಯವರ ಭಕ್ತವಿಗ್ರಹ ಕೈಮುಗಿದು ನಿಂತಿದೆ.

ಎರಡು ಕಲೆಗಳೂ ಶತಮಾನ ಮುಗಿಯುವ ಹೊತ್ತಿಗೆ ಬಡವಾದವು. ಇಂಗ್ಲೆಂಡಿನಲ್ಲಿ ಫೇರಿಗಳು ಕಲಾಶಾಲೆಯಿಂದ ಮಕ್ಕಳ ಪುಸ್ತಕಗಳಿಗೆ ಸರಿದರು. ಆರ್ಥರ್ ರ್‍ಯಾಕಮ್ ಮೊದಲಾದವರ ಕೈಯಲ್ಲಿ ಅಲ್ಲಿ ಹೊಸ ಬಾಳನ್ನು ಪಡೆದರು. ಮೈಸೂರಿನಲ್ಲಿ ೧೮೬೮ರ ತರುವಾಯ ಆಶ್ರಯ ತಪ್ಪಿದ ಚಿತ್ರಗಾರರು ಚದರಿದರು. ರಾಜಾ ರವಿವರ್ಮನು ಐರೋಪ್ಯ ತೈಲವರ್ಣದ ರೀತಿಯಲ್ಲಿ ಊರ್ವಶಿ ಮೇನಕೆಯರನ್ನು ಮನುಷ್ಯ ಸ್ತ್ರೀಯರಂತೆಯೇ ಬರೆದನು. ೧೮೯೪ರಲ್ಲಿ ಸ್ಥಾಪನೆಯಾದ ಅವನ ಮುದ್ರಣಾಲಯದ ಪಟಗಳು ಮನೆಮನೆಯ ಗೋಡೆಗೇರಿದವು. ಒಬ್ಬ ಅಪ್ಸರೆಗೆ ನೆರಳು ಬಿತ್ತು, ತೂಕ ಬಂತು; ಆದರೆ ಚಿನ್ನದ ರೇಕಿನ ನಡುವೆ ನೆರಳಿಲ್ಲದೆ ತೇಲುವ ಹಗುರ ಹೋಯಿತು. ಚಿತ್ರಗಾರ ಮನೆತನದಲ್ಲಿಯೇ ಹುಟ್ಟಿದ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ಸೂಕ್ಷ್ಮವಾದ ಸಣ್ಣ ಚಿತ್ರದ ಘನತೆಯನ್ನು ಮತ್ತೆ ಎತ್ತಿಹಿಡಿದರು.

ಕಾಣದುದರ ಚಿತ್ರವನ್ನು ಹೇಗೆ ನೋಡಬಾರದೆಂಬುದಕ್ಕೂ ಒಂದು ಪಾಠವಿದೆ. ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಊರಿನಲ್ಲಿ ೧೯೧೭ರಲ್ಲಿ ಇಬ್ಬರು ಹುಡುಗಿಯರು ತಾವು ಫೇರಿಗಳ ಫೋಟೋ ತೆಗೆದೆವೆಂದರು. ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯಲ್, ಈತನ ತಂದೆ ಮತ್ತು ದೊಡ್ಡಪ್ಪ ಇಬ್ಬರೂ ಫೇರಿಗಳನ್ನು ಚಿತ್ರಿಸಿದವರು, ಆ ಫೋಟೋಗಳನ್ನು ನಂಬಿ ೧೯೨೦ರಲ್ಲಿ ಪತ್ರಿಕೆಯಲ್ಲಿ ಬರೆದನು. ಅವು ಪುಸ್ತಕದ ಚಿತ್ರಗಳನ್ನು ನೋಡಿ ಬರೆದು, ಕತ್ತರಿಸಿ, ಪಿನ್ನಿನಿಂದ ನಿಲ್ಲಿಸಿದ ಕಾಗದದ ಗೊಂಬೆಗಳೆಂದು ಆ ಹುಡುಗಿಯರು ಮುದುಕಿಯರಾದ ಮೇಲೆ, ೧೯೮೩ರಲ್ಲಿ, ಒಪ್ಪಿಕೊಂಡರು. ಪತ್ತೇದಾರಿಕೆಯ ಆಚಾರ್ಯನೇ ಮೋಸಹೋದದ್ದೇಕೆ? ಚಿತ್ರದಿಂದ ಸಾಕ್ಷ್ಯವನ್ನು ಬಯಸಿದ್ದರಿಂದ. ಫೇರಿ ಇದ್ದಾಳೆಂದು ಸಾಧಿಸುವುದು ಡ್ಯಾಡ್‌ನ ಕೆಲಸವಾಗಿರಲಿಲ್ಲ. ಹೇರಂಬನಿಗೆ ಐದು ಮುಖಗಳಿರುವುದನ್ನು ಕಂಡು ಬಂದೆನೆಂದು ನಮ್ಮ ಚಿತ್ರಗಾರನೂ ಹೇಳಲಿಲ್ಲ. ಮನಸ್ಸು ನಿಲ್ಲುವುದಕ್ಕೆ ಒಂದು ನೆಲೆಯನ್ನು ಅವರು ಕಟ್ಟಿಕೊಟ್ಟರು. ಧ್ಯಾನಶ್ಲೋಕವೆಂಬ ಹೆಸರೇ ಇದನ್ನು ಹೇಳುತ್ತದೆ.

ವಿಕ್ಟೋರಿಯಾ ಕಾಲದ ಫೇರಿ ಚಿತ್ರಗಳನ್ನು ಬಹಳ ಕಾಲ ಹುಡುಗಾಟವೆಂದು ಮೂಲೆಗೆ ತಳ್ಳಿದ್ದ ಆಂಗ್ಲರು, ೧೯೯೭ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಅವುಗಳದೇ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿ ಗೌರವಿಸಿದರು. ನಮಗೆ ಅಷ್ಟು ದೂರದ ಪ್ರದರ್ಶನ ಬೇಕಾಗಿಲ್ಲ. ರಥದ ಬೀದಿಯಲ್ಲಿ ನಡೆದು, ಗೋಪುರದ ಕೆಳಗೆ ಹಾದು ಹೋದರೆ ಸಾಕು. ದೊಡ್ಡಜಾತ್ರೆಯ ನೂಕುನುಗ್ಗಲಿನಲ್ಲಿ ಅದು ಸಾಧ್ಯವಾಗದು; ಒಂದು ಬಿಡುವಿನ ಬೆಳಿಗ್ಗೆ, ಮೂವತ್ತೆರಡು ಹೆಸರುಗಳ ಪಟ್ಟಿಯನ್ನು ಹಿಡಿದು, ಕೈಯಲ್ಲಿ ಏನಿದೆ, ಮುಖವೆಷ್ಟು, ವಾಹನ ಯಾವುದು ಎಂದು ಗುರುತು ಹಾಕಿಕೊಳ್ಳುತ್ತ ನಮ್ಮ ಇತಿಹಾಸ ವಿದ್ಯಾರ್ಥಿಗಳು ಹೋಗಬೇಕು. ಅಂಥ ಪಟ್ಟಿಯೊಂದು ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚಾದರೆ ಅದು ನಮ್ಮ ಕಾಲೇಜಿಗೂ ಭೂಷಣ, ಊರಿಗೂ ಉಪಕಾರ. ಎಡಿನ್‌ಬರೋದಲ್ಲಿ ಒಬ್ಬ ಗಣಿತದ ಮೇಷ್ಟರು ನಿಂತು ೧೬೫ ಫೇರಿಗಳನ್ನು ಎಣಿಸಿದನು. ನಂಜನಗೂಡಿನ ೩೨ ಗಣಪತಿಗಳನ್ನು ನಮ್ಮಲ್ಲಿ ಎಷ್ಟು ಮಂದಿ ಎಣಿಸಿದ್ದೇವೆ?